ಹಿಂದಲೆಯ ಹುಣ್ಣಿಮೆ

ಇವತ್ತು ಬೆಳಿಗ್ಗೆ ಕನ್ನಡಕದ ಅಂಗಡಿಯವರು ನನ್ನ ಚಾಳೀಸನ್ನು ಬೆಳಕಿಗೆ ಹಿಡಿದು ನೋಡಿದರು. ನಂಬರು ಹೆಚ್ಚಾಗಿದೆ, ಗಾಜು ಬದಲಾಯಿಸಬೇಕು ಎಂದು ಕೊಟ್ಟಿದ್ದೆ. ಅವರ ಕಣ್ಣು ಗಾಜಿನ ಮೇಲೆ ನಿಲ್ಲಲಿಲ್ಲ. ಜೇನುಬಣ್ಣದ ಫ್ರೇಮಿನ ಬಲಗಡೆಯ ಕಡ್ಡಿಯ ಮೇಲೆ ಹೆಬ್ಬೆಟ್ಟಿನಷ್ಟು ಅಗಲದ ಒಂದು ಕರಿಯ ಕಲೆ ಇದೆ. ಅದನ್ನು ಉಗುರಿನಿಂದ ಕೆರೆದರು, ಬಟ್ಟೆಯಿಂದ ತಿಕ್ಕಿದರು, ಯಾವುದೋ ನೀರು ಹಾಕಿ ಉಜ್ಜಿದರು. ಕೊನೆಗೆ ಸೋತು, ಇದು ಹೋಗುವುದಿಲ್ಲ ಮೇಡಂ, ಫ್ರೇಮು ಹೊಸದು ತೆಗೆದುಕೊಳ್ಳಿ ಎಂದರು. ಏನು ಕಲೆ ಇದು ಎಂದೂ ಕೇಳಿದರು. ಕೂದಲಿಗೆ ಹಚ್ಚುವ ಬಣ್ಣ ಎಂದು ಹೇಳಿದೆ. ಅದು ಅರ್ಧ ನಿಜ. ಉಳಿದರ್ಧ ಹೊಟ್ಟೆಕಿಚ್ಚು. ಅದನ್ನು ಅಂಗಡಿಯಲ್ಲಿ ನಿಂತು ಹೇಳಲು ಆಗುವುದಿಲ್ಲ, ನಿಮಗಾದರೆ ಹೇಳಬಹುದು.

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ರಕ್ತದೊತ್ತಡ. ನನಗೆ ಇರುವುದು ಹೊಟ್ಟೆಕಿಚ್ಚು. ಯಾವಾಗ ಬಂತು ಎಂದು ಕೇಳಿದರೆ ಸರಿಯಾಗಿ ಹೇಳಬಲ್ಲೆ. ನನಗೆ ಒಂಬತ್ತು ವರ್ಷ. ವಿಷಮಶೀತ ಜ್ವರ ಬಂದು ತಲೆಗೂದಲೆಲ್ಲ ಉದುರತೊಡಗಿತೆಂದು ಅಪ್ಪ ಬೋಳಿಸಿಬಿಟ್ಟರು. ಆ ಬೇಸಿಗೆಯಲ್ಲೇ ನಮ್ಮ ಬೀದಿಯ ಹುಡುಗಿಯರಿಗೆಲ್ಲ ಮೊಗ್ಗಿನ ಜಡೆ ಹಾಕಿಸುವ ಸಂಭ್ರಮ. ಮಲ್ಲಿಗೆ ಮೊಗ್ಗನ್ನು ಬಾಳೆಪಟ್ಟೆಗೆ ಹೊಲಿದು, ಜಡೆಯ ಉದ್ದಕ್ಕೂ ಕಟ್ಟಿ, ತುದಿಗೆ ಕುಚ್ಚು ಇಳಿಬಿಟ್ಟು, ಸಂಜೆ ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಒಂದು ನಿಲುವುಗನ್ನಡಿ. ಹುಡುಗಿಯನ್ನು ಅದರ ಮುಂದೆ ನಿಲ್ಲಿಸಿ, ಮುಖವೂ ಕಾಣಬೇಕು, ಕನ್ನಡಿಯಲ್ಲಿ ಬೆನ್ನ ಮೇಲಿನ ಜಡೆಯೂ ಕಾಣಬೇಕು ಹಾಗೆ ಫೋಟೋ ತೆಗೆಯುವುದು. ನಾನು ಬೋಳುತಲೆಗೆ ರಿಬ್ಬನ್ನಿನ ಟೋಪಿ ಹಾಕಿಕೊಂಡು ಸ್ಟುಡಿಯೋದ ಬಾಗಿಲಲ್ಲಿ ನಿಂತು ಎಲ್ಲರ ಬೆನ್ನನ್ನೂ ನೋಡಿದೆ. ಮುಂದಿನ ವರ್ಷ ನಿನಗೂ ಹಾಕಿಸೋಣ ಎಂದು ಅಮ್ಮ ಹೇಳಿದರು. ಮುಂದಿನ ವರ್ಷ ಕೂದಲು ಕುತ್ತಿಗೆಗೂ ಬಂದಿರಲಿಲ್ಲ. ಅದರಾಚೆಯ ವರ್ಷ ಮನೆಯಲ್ಲಿ ಸಾವಾಯಿತು. ಆಮೇಲೆ ಅಮ್ಮನಿಗೆ ಮರೆಯಿತು, ನನಗೆ ಮರೆಯಲಿಲ್ಲ.

ಮದುವೆಯಾಗಿ ಸಿದ್ಧಾರ್ಥನಗರದ ಮನೆಗೆ ಬಂದೆನಲ್ಲ, ಹೊಸಿಲಕ್ಕಿ ಒದ್ದು ಒಳಗೆ ಕಾಲಿಟ್ಟು ತಲೆಯೆತ್ತಿದರೆ ಎದುರು ಗೋಡೆಯ ಮೇಲೆ ಅದೇ ಫೋಟೋ. ಮೊಗ್ಗಿನ ಜಡೆ, ಹಿಂದೆ ಕನ್ನಡಿ, ಕನ್ನಡಿಯೊಳಗೆ ಸೊಂಟ ದಾಟಿದ ಜಡೆ. ನನ್ನ ಗಂಡನ ಅಣ್ಣನ ಹೆಂಡತಿ ಗಿರಿಜಕ್ಕನದು. ನನಗಿಂತ ನಾಲ್ಕು ವರ್ಷ ಮೊದಲು ಆ ಮನೆಗೆ ಬಂದವರು, ಬರುವಾಗ ಫೋಟೋವನ್ನೂ ತಂದಿದ್ದರು. ಬಂದ ನೆಂಟರಿಗೆಲ್ಲ ನಮ್ಮತ್ತೆ ಅದನ್ನು ತೋರಿಸಿ, ನಮ್ಮ ದೊಡ್ಡ ಸೊಸೆ, ಕೂದಲು ನೋಡಿ ಎನ್ನುತ್ತಿದ್ದರು. ಆಮೇಲೆ ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತ ನನ್ನನ್ನು ತೋರಿಸಿ, ಇವಳು ಚಿಕ್ಕವಳು, ಆಫೀಸಿಗೆ ಹೋಗುತ್ತಾಳೆ ಎನ್ನುತ್ತಿದ್ದರು. ಗಿರಿಜಕ್ಕ ನನಗಿಂತ ಹಿರಿಯರು. ಹಾಗಾಗಿ ಹೊಟ್ಟೆಕಿಚ್ಚನ್ನೂ ನಾನು ಬಹುವಚನದಲ್ಲೇ ಪಡಬೇಕಾಗಿತ್ತು.

ನೂರು ಜುಟ್ಟು ಒಟ್ಟಿಗಿರಬಹುದು, ಎರಡು ಜಡೆ ಒಟ್ಟಿಗಿರಲ್ಲ ಎಂದು ಹೇಳಿ ಮಾವನವರೇ ಒಂದೇ ಸೈಟಿನಲ್ಲಿ ಎರಡು ಮನೆ ಮಾಡಿಕೊಟ್ಟರು. ಮುಂದಿನ ಮನೆ ಹಿರಿಯ ಮಗನಿಗೆ, ಹಿಂದಿನ ಮನೆ ನಮಗೆ. ಅತ್ತೆ ಮುಂದಿನ ಮನೆಯಲ್ಲಿ. ಗಿರಿಜಕ್ಕ ಬಾಗಿಲು ತೆಗೆದರೆ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ನಾನು ಅಡುಗೆಮನೆಯ ಕಿಟಕಿ ತೆಗೆದರೆ ಗಿರಿಜಕ್ಕನ ನೀರಿನ ಟ್ಯಾಂಕು ಕಾಣುತ್ತಿತ್ತು. ಒಗೆದ ಸೀರೆಗಳು ಕೂಡ ಅವರ ಮನೆಯ ತಂತಿಯ ಮೇಲೆ ಬೇಗ ಒಣಗುತ್ತವೆ ಎಂದು ನನಗೆ ಅನುಮಾನ.

ಹೀಗಿರುವಾಗ, ತೊಂಬತ್ತರ ದಶಕದ ನಡುವಿನಲ್ಲಿ ಇರಬೇಕು, ಗಿರಿಜಕ್ಕನ ಬೈತಲೆಯ ಪಕ್ಕದಲ್ಲಿ ಮೊದಲ ಬಿಳಿ ಕೂದಲು ಕಂಡಿತು. ಕಂಡವಳು ನಾನೇ. ಸುಳ್ಳು ಯಾಕೆ ಹೇಳಲಿ, ಆವತ್ತು ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದೆ. ಏನು ವಿಶೇಷ ಎಂದು ಗಂಡ ಕೇಳಿದರು. ಏನೂ ಇಲ್ಲ, ಹಾಲು ಹೆಚ್ಚಾಗಿತ್ತು ಎಂದೆ. ಆರು ತಿಂಗಳಿಗೆ ನನ್ನ ತಲೆಯಲ್ಲೂ ಹುಟ್ಟಿತು. ಅವರದು ಒಂದೊಂದಾಗಿ ಬಂತು, ನನ್ನದು ಗುಂಪಾಗಿ ಬಂತು.

ಮೊದಲು ಮದರಂಗಿಯ ಕಾಲ. ಕಬ್ಬಿಣದ ಬಾಣಲೆಯಲ್ಲಿ ಮದರಂಗಿ ಪುಡಿ, ಟೀ ಡಿಕಾಕ್ಷನ್, ನಿಂಬೆರಸ, ಒಂದು ಸೌಟು ಮೊಸರು ಕಲಸಿ ಒಂದು ರಾತ್ರಿ ನೆನೆಸಿಡುವುದು. ಬೇರೆ ಬಾಣಲೆ ಇಲ್ಲದ್ದರಿಂದ ಅದರಲ್ಲೇ ಮಾರನೆಯ ದಿನ ರವೆ ಹುರಿದು ಉಪ್ಪಿಟ್ಟು ಮಾಡಿದರೆ ಅದಕ್ಕೂ ಸ್ವಲ್ಪ ಅದರದೇ ವಾಸನೆ. ನನ್ನ ಗಂಡ ಮಾತಾಡದೆ ತಿಂದು ಹೋಗುತ್ತಿದ್ದರು. ಬಿಳಿ ಕೂದಲೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿತು. ಗಿರಿಜಕ್ಕನಿಗೆ ಅದೂ ಒಪ್ಪುತ್ತಿತ್ತು, ಬಿಸಿಲಲ್ಲಿ ತಾಮ್ರದ ಹಾಗೆ ಹೊಳೆಯುತ್ತಿತ್ತು. ನನ್ನದು ತುಕ್ಕು ಹಿಡಿದಂತಿತ್ತು. ಮದರಂಗಿ ಬೇಡ, ಕಪ್ಪು ಪುಡಿಯೇ ಸರಿ ಎಂದು ಮೊದಲು ಹೇಳಿದವಳು ನಾನು.

ಆಗೆಲ್ಲ ಬ್ಯೂಟಿ ಪಾರ್ಲರು ಅಂದರೆ ಮದುವೆ ಹೆಣ್ಣಿಗೆ. ನಲವತ್ತು ದಾಟಿದವರು ಆ ಮೆಟ್ಟಿಲು ಹತ್ತಿದರೆ ಯಾಕೆಂದು ಕೇಳುವವರೇ ಬೇಡ, ಎಲ್ಲರಿಗೂ ತಿಳಿದುಬಿಡುತ್ತದೆ. ಮನೆಯಲ್ಲೇ ಹಚ್ಚಿಕೊಂಡರೆ ಗುಟ್ಟು ಗುಟ್ಟಾಗಿಯೇ ಇರುತ್ತದೆ ಎಂದು ನಮ್ಮ ನಂಬಿಕೆ. ಆದರೆ ತನ್ನ ಬೆನ್ನು ತನಗೆ ಕಾಣದು. ಮುಂದಲೆಗೆ ಕನ್ನಡಿ ನೋಡಿಕೊಂಡು ನಾವೇ ಹಚ್ಚಿಕೊಳ್ಳಬಹುದು, ಹಿಂದಲೆಗೆ ಇನ್ನೊಬ್ಬರ ಕೈ ಬೇಕು. ಗಂಡಸರ ಕೈಗೆ ಕೊಡುವುದಕ್ಕೆ ನಾಚಿಕೆ. ಹೀಗೆ ನನ್ನ ಹಿಂದಲೆ ಗಿರಿಜಕ್ಕನ ಪಾಲಿಗೂ, ಅವರ ಹಿಂದಲೆ ನನ್ನ ಪಾಲಿಗೂ ಬಂತು.

ತಿಂಗಳಿಗೊಂದು ಭಾನುವಾರ, ಊಟವಾದ ಮೇಲೆ, ಎರಡು ಮನೆಗಳ ನಡುವಿನ ಒಗೆಯುವ ಕಲ್ಲಿನ ಹತ್ತಿರ. ತೆಂಗಿನ ಚಿಪ್ಪಿನಲ್ಲಿ ಪುಡಿ ಕಲಸುವುದು, ಹಣೆ ಕಿವಿಗಳ ಅಂಚಿಗೆ ಕೊಬ್ಬರಿ ಎಣ್ಣೆ ಸವರುವುದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬುಡಕ್ಕೆ ಹಚ್ಚುವುದು. ಎಷ್ಟು ಎಣ್ಣೆ ಸವರಿದರೂ ಕಿವಿಯ ಮೇಲ್ತುದಿ ಕಪ್ಪಾಗಿಯೇ ತೀರುತ್ತಿತ್ತು, ಎರಡು ದಿನ ಅದನ್ನು ಕೂದಲಲ್ಲಿ ಮುಚ್ಚಿಕೊಂಡು ಓಡಾಡಬೇಕು. ಯಾರಾದರೂ ಬಂದರೆ, ಎಣ್ಣೆ ಹಚ್ಚಿಕೊಂಡು ಕೂತಿದ್ದೇವೆ, ಆಮೇಲೆ ಬನ್ನಿ ಎಂದು ಒಳಗಿನಿಂದಲೇ ಹೇಳಿ ಕಳಿಸುವುದು.

ಗುಟ್ಟು ಅತ್ತೆಗೆ ತಿಳಿದದ್ದು ಸೋಮವಾರದ ಪೂಜೆಯಲ್ಲಿ. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜಿಸುತ್ತೇವೆ. ನಾವಿಬ್ಬರೂ ಚಿಪ್ಪು ಹಿಡಿದಿದ್ದದ್ದು ಎಡಗೈಯಲ್ಲಿ. ಸೊಸೆಯರಿಬ್ಬರೂ ಕೈ ಚಾಚಿದರೆ ಎರಡೂ ಅಂಗೈ ಒಲೆಯೊಳಗಿನಿಂದ ತೆಗೆದ ಹಾಗಿದ್ದವು. ಅತ್ತೆ ಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು, ಒಳಗಿನಿಂದ ತೊಳೆದು ಒಣಗಿಸಿದ್ದ ಎರಡು ಹಾಲಿನ ಕವರು ತಂದುಕೊಟ್ಟರು. ಎಡಗೈಗೆ ಇದನ್ನ ಹಾಕ್ಕೊಳ್ರೇ ಎಂದರು. ಅವತ್ತಿನಿಂದ ಅದು ನಮ್ಮ ಕೈಗವಸು.

ಬಣ್ಣ ಹಿಡಿಯಲು ಅರ್ಧ ಗಂಟೆ ಕಾಯಬೇಕು. ಆ ಅರ್ಧ ಗಂಟೆ ನನ್ನ ಹೊಟ್ಟೆಕಿಚ್ಚಿಗೆ ರಜೆ. ತಲೆಗೆ ಕಪ್ಪು ಮೆತ್ತಿಕೊಂಡು, ಹಳೆಯ ಟವೆಲು ಹೊದ್ದುಕೊಂಡು ಕೂತ ಗಿರಿಜಕ್ಕ ನನಗಿಂತ ಚೆನ್ನಾಗೇನೂ ಕಾಣುತ್ತಿರಲಿಲ್ಲ. ಅದಕ್ಕೇ ಇರಬೇಕು, ಆಗ ಅವರ ಜೊತೆ ಬಾಯಿ ತುಂಬ ಮಾತಾಡುತ್ತಿದ್ದೆ. ಅವರ ಶಾಲೆಯ ಕಥೆ, ನಮ್ಮ ಆಫೀಸಿನ ಕಥೆ, ಗಂಡಂದಿರ ಗೊರಕೆ, ಅತ್ತೆಯ ಮೊಣಕಾಲು. ಬ್ರಷ್ಷು ಒಂದು ಕಡೆ, ಮಾತು ಒಂದು ಕಡೆ.

ಇಲ್ಲಿ ಎರಡು ಸಂಗತಿ ಹೇಳಿಬಿಡುತ್ತೇನೆ. ಗಿರಿಜಕ್ಕ ಅಶೋಕಪುರಂನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಗಣಿತದವರು ಮಕ್ಕಳಿಗೆ ಮುಖ ತೋರಿಸುವುದಕ್ಕಿಂತ ಬೆನ್ನು ತೋರಿಸುವುದೇ ಹೆಚ್ಚು, ದಿನವಿಡೀ ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆಯಬೇಕು. ನಾನು ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಕೂರುತ್ತಿದ್ದೆ. ನನ್ನ ಕುರ್ಚಿಯ ಹಿಂದೆ ಕಬ್ಬಿಣದ ಬೀರು. ನನ್ನ ಹಿಂದಲೆಯನ್ನು ಆ ಬೀರು ಬಿಟ್ಟು ಬೇರೆ ಯಾರೂ ನೋಡುತ್ತಿರಲಿಲ್ಲ.

ಎರಡನೆಯದು ನನ್ನ ಕಣ್ಣು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಟಪಾಲನ್ನು ಮಾರುದ್ದ ದೂರ ಹಿಡಿದು ಓದುವ ಸ್ಥಿತಿಗೆ ಬಂದಿದ್ದೆ. ಚಾಳೀಸು ಹಾಕಿಕೋ ಎಂದು ಗಂಡ ಹೇಳಿದರು, ಆಫೀಸಿನವರು ಹೇಳಿದರು. ನಾನು ಕೇಳಲಿಲ್ಲ. ಕೂದಲು ಕಪ್ಪು ಮಾಡಿ ಹತ್ತು ವರ್ಷ ಇಳಿಸಿಕೊಂಡವಳು ಮೂಗಿನ ಮೇಲೆ ಚಾಳೀಸು ಏರಿಸಿ ಅದನ್ನು ವಾಪಸು ತಂದುಕೊಳ್ಳುವುದುಂಟೇ? ಗಿರಿಜಕ್ಕ ಮಾತ್ರ ಯಾವ ನಾಚಿಕೆಯೂ ಇಲ್ಲದೆ ಚಾಳೀಸು ಹಾಕಿಕೊಂಡರು. ಹಾಕಿಕೊಂಡರೂ ಚೆನ್ನಾಗಿ ಕಂಡರು. ಇನ್ನು ನಾನು ಹಾಕಿಕೊಳ್ಳುವ ಮಾತೆಲ್ಲಿ ಬಂತು?

ಒಂದು ಭಾನುವಾರ ನಾನು ಚಿಪ್ಪು ಹಿಡಿದುಕೊಂಡು ಹೋದರೆ ಗಿರಿಜಕ್ಕ, ನನಗೆ ಈ ಸಲ ಬೇಡ ಕಣೆ, ನಿನಗೆ ಹಚ್ಚಿಕೊಡುತ್ತೇನೆ ಬಾ ಎಂದರು. ತಲೆನೋವಂತೆ. ಮುಂದಿನ ತಿಂಗಳು ಶೀತವಂತೆ. ಅದರ ಮುಂದಿನ ತಿಂಗಳು ಏನೂ ಹೇಳಲಿಲ್ಲ, ಚಾಳೀಸು ಏರಿಸಿಕೊಂಡು ನನ್ನ ತಲೆಗೆ ಮಾತ್ರ ಹಚ್ಚಿ ಕಳಿಸಿದರು. ಅವರ ತಲೆ ನೋಡಿದರೆ ಕಾಡಿಗೆಯಷ್ಟು ಕಪ್ಪು. ಜಡೆಯ ತುದಿ ಕತ್ತರಿಸಿ ಒಂದೇ ಸಮ ಮಾಡಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಅವರ ಕಿವಿ. ಎರಡೂ ಕಿವಿಯ ಅಂಚು ಹಸುಗೂಸಿನ ಕಿವಿಯ ಹಾಗೆ ಶುಭ್ರವಾಗಿದ್ದವು. ಇಷ್ಟು ವರ್ಷ ಆ ಕಿವಿಗಳಿಗೆ ಎಣ್ಣೆ ಸವರಿದವಳು ನಾನು, ಅದು ಮನೆಯ ಕೆಲಸವಲ್ಲ ಎಂದು ನನಗೆ ಗೊತ್ತಾಗದೆ ಇರುತ್ತದೆಯೇ?

ಅದಾಗಿ ಮೂರು ವಾರಕ್ಕೆ ಸಿಟಿ ಬಸ್ಸಿನ ಕಿಟಕಿಯಿಂದ ಕಣ್ಣಾರೆ ಕಂಡೆ. ಹೋಟೆಲೊಂದರ ಮಹಡಿಯ ಮೇಲೆ ಒಂದು ಪಾರ್ಲರು, ಬಾಗಿಲಿಗೆ ಗುಲಾಬಿ ಪರದೆ. ಗಿರಿಜಕ್ಕ ಅದರ ಮೆಟ್ಟಿಲಿಳಿದು ಬರುತ್ತಿದ್ದಾರೆ, ಕೂದಲು ಬೆನ್ನ ತುಂಬ ಹರಡಿದೆ. ನಾನು ಇಳಿಯಬೇಕಾದ ಸ್ಟಾಪು ಹೋಗಿಬಿಟ್ಟಿತು. ಎರಡು ಸ್ಟಾಪು ಮುಂದೆ ಇಳಿದು, ತರಕಾರಿ ಚೀಲ ಹೊತ್ತುಕೊಂಡು ನಡೆಯುತ್ತಾ ಹೊಟ್ಟೆ ಉರಿದುಕೊಂಡೆ. ನನ್ನ ಕೈ ಸಾಲದೆ ಹೋಯಿತಲ್ಲ ಇವರಿಗೆ. ಒಗೆಯುವ ಕಲ್ಲು ಸಾಲದೆ ಹೋಯಿತಲ್ಲ. ಮಲಗಿಸಿ ತಲೆ ತೊಳೆಯುತ್ತಾರಂತೆ ಅಲ್ಲಿ, ಬೆಚ್ಚಗಿನ ನೀರಿನಲ್ಲಿ. ನನ್ನ ತಲೆಯನ್ನು ಅಮ್ಮ ಹೋದ ಮೇಲೆ ಇನ್ನೊಬ್ಬರು ತೊಳೆದಿಲ್ಲ. ಅದಕ್ಕಿಂತ ಹೆಚ್ಚು ಉರಿದದ್ದು ಅವರು ನನಗೆ ಹಚ್ಚಿಕೊಡುವುದನ್ನು ನಿಲ್ಲಿಸದೆ ಇದ್ದದ್ದು. ತಾನು ಪಾರ್ಲರಿಗೆ, ಓರಗಿತ್ತಿಗೆ ಮಾತ್ರ ಚಿಪ್ಪಿನ ಧರ್ಮ.

ಗಂಡನ ಹತ್ತಿರ ಹೇಳಿಕೊಂಡೆ. ನೀನೂ ಹೋಗು, ಬೇಡ ಅಂದವರ್ಯಾರು ಎಂದು ಪೇಪರು ಮಡಿಸಿದರು. ಗಂಡಸರಿಗೆ ಹೊಟ್ಟೆಕಿಚ್ಚಿನ ಸೂಕ್ಷ್ಮ ತಿಳಿಯುವುದಿಲ್ಲ.

ಮುಂದಿನ ಭಾನುವಾರ ಗಿರಿಜಕ್ಕನೇ ಚಿಪ್ಪು ಹಿಡಿದುಕೊಂಡು ನಮ್ಮ ಹಿತ್ತಿಲ ಬಾಗಿಲಿಗೆ ಬಂದರು. ನನಗೆ ತಲೆನೋವು ಎಂದೆ. ಅವರದೇ ತಲೆನೋವನ್ನು ಅವರಿಗೆ ವಾಪಸು ಕೊಟ್ಟ ಖುಷಿ. ಅವರು ಎಡಗೈಗೆ ಹಾಲಿನ ಕವರು ಆಗಲೇ ಹಾಕಿಕೊಂಡಿದ್ದರು. ಅದನ್ನು ಕಳಚುತ್ತಾ ಸರಿ ಎಂದು ಹೋದರು. ನಾನು ಬಚ್ಚಲ ಕನ್ನಡಿಯಲ್ಲಿ ನೋಡಿಕೊಂಡು ಮುಂದಲೆಗೆ ನಾನೇ ಹಚ್ಚಿಕೊಂಡೆ, ಕೋಪದಲ್ಲಿ ಹಣೆಗೂ ಹಚ್ಚಿಕೊಂಡೆ.

ಅದಾಗಿ ಹತ್ತು ದಿನಕ್ಕೆ, ಒಂದು ಬುಧವಾರ, ಆಫೀಸಿಗೆ ಅರ್ಧ ದಿನ ರಜೆ ಹಾಕಿ ಆ ಗುಲಾಬಿ ಪರದೆ ಸರಿಸಿ ಒಳಗೆ ಹೋದೆ. ಪಾರ್ಲರು ನಡೆಸುವಾಕೆ ಮೂವತ್ತು ದಾಟಿದ ಹೆಂಗಸು, ನಗುಮುಖ. ಕುರ್ಚಿಯಲ್ಲಿ ಕೂರಿಸಿ, ಕ್ಲಿಪ್ಪು ತೆಗೆದು, ಕೂದಲು ಬಿಡಿಸಿ ನೋಡಿದಳು. ಮುಂದೆ ನೋಡಿ ಮುಖ ಸಪ್ಪಗೆ ಮಾಡಿದಳು. ಹಿಂದೆ ಹೋಗಿ ಎಳೆಯೆಳೆಯಾಗಿ ಬಿಡಿಸಿದಳು. ಆಮೇಲೆ ಇನ್ನೊಂದು ಕನ್ನಡಿ ತಂದು ನನ್ನ ತಲೆಯ ಹಿಂದೆ ಹಿಡಿದಳು.

ಅಂದು ಮೊದಲ ಬಾರಿಗೆ ನನ್ನ ಹಿಂದಲೆಯನ್ನು ನಾನು ನೋಡಿದೆ. ನಲವತ್ತಾರು ವರ್ಷಕ್ಕೆ, ಮೊಗ್ಗಿಲ್ಲದೆ, ಕುಚ್ಚಿಲ್ಲದೆ. ಇಷ್ಟು ದೂರದ ಕನ್ನಡಿ ನನ್ನ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಬುಡದಲ್ಲಿ ಹೊಸದಾಗಿ ಬೆಳೆದ ಬಿಳಿ ಕೂದಲಿನ ಗೆರೆ, ಅದರ ಮೇಲೆ ಒಂದೇ ಸಮನಾದ ಕಪ್ಪು. ನೆತ್ತಿಯಿಂದ ಕುತ್ತಿಗೆಯವರೆಗೆ ಒಂದು ಎಳೆಯೂ ತಪ್ಪಿರಲಿಲ್ಲ.

"ಯಾರು ಆಂಟಿ ಹಿಂದ್ಗಡೆ ಹಚ್ಚಿದ್ದು?" ಎಂದಳು ಆಕೆ. "ನಾನೂ ಇಷ್ಟು ನೀಟಾಗಿ ಹಚ್ಚಲ್ಲ. ಮುಂದೆ ಮಾತ್ರ ನೀವೇ ಏನೋ ಮಾಡ್ಕೊಂಡ್‌ಬುಟ್ಟಿದ್ದೀರ."

ಮನೆಯಲ್ಲೇ ಒಬ್ಬರು ಎಂದೆ. ಆಕೆ ಬಣ್ಣ ಕಲಸುತ್ತಾ ಕೂದಲಿಗೆ ಬಣ್ಣ ಹಚ್ಚುವ ಕೈಗಳ ಬಗ್ಗೆ ಮಾತಿಗೆ ತೊಡಗಿದಳು. ಅವಳ ಹತ್ತಿರ ಒಬ್ಬ ಲೆಕ್ಕದ ಟೀಚರು ಬರುತ್ತಾರಂತೆ. ಮೊದಲ ದಿನ ಬಂದಾಗ ಅವರ ನೆತ್ತಿಯ ಹಿಂದೆ ರೊಟ್ಟಿಯಷ್ಟು ಅಗಲ ಬೆಳ್ಳಗೆ ಬಿಟ್ಟುಹೋಗಿತ್ತಂತೆ, ಸುತ್ತ ಕಪ್ಪು, ನಡುವೆ ಗುಂಡಗೆ ಬಿಳುಪು. ಒಂದು ವರ್ಷದಿಂದ ಪ್ರತಿ ತಿಂಗಳೂ ಅಲ್ಲೇ ಬಿಟ್ಟುಹೋಗುತ್ತಿತ್ತಂತೆ. ಶಾಲೆಯ ಮಕ್ಕಳು ಅವರಿಗೆ ಹುಣ್ಣಿಮೆ ಮಿಸ್ ಎಂದು ಹೆಸರಿಟ್ಟಿದ್ದರಂತೆ. ಒಂದು ದಿನ ಕ್ಲಾಸಿಗೆ ಹೋದರೆ ಬೋರ್ಡಿನ ಮೇಲೆ ಯಾರೋ ಚಾಕ್‌ಪೀಸಿನಲ್ಲಿ ದೊಡ್ಡ ಚಂದ್ರನನ್ನು ಬರೆದು ಕೆಳಗೊಂದು ಉದ್ದ ಜಡೆ ಬರೆದಿದ್ದರಂತೆ. ಅದನ್ನು ಒರೆಸಿ, ಲೆಕ್ಕ ಬರೆಸಿ, ಸಂಜೆ ನೇರ ಇಲ್ಲಿಗೆ ಬಂದರಂತೆ. ಇದನ್ನೆಲ್ಲ ಆ ಟೀಚರೇ ನಗುತ್ತಾ ಹೇಳಿದ್ದು.

ಯಾರು ಹಚ್ಚಿದ್ದಂತೆ ಅವರಿಗೆ ಎಂದು ಕೇಳಿದೆ.

"ನಾನೇ ಹಚ್ಕೊಂಡೆ ಅಂದ್‌ಬುಟ್ರು. ಸುಳ್ಳು ಆಂಟಿ. ಅವರವ್ರೇ ಹಚ್ಕೊಂಡ್ರೆ ಅಲ್ಲಲ್ಲಿ ಚೂರುಚೂರು ಬಿಟ್ಟೋಗುತ್ತೆ, ಇಂಗೆ ಒಂದೇ ಕಡೆ ಗುಂಡಗೆ ಬಿಡಲ್ಲ. ಅದು ಬೇರೆಯವ್ರ ಕೈ. ಕಣ್ಣು ಕಾಣ್ದಿರೋವ್ರ ಕೈ."

ಬೆಚ್ಚಗಿನ ನೀರಿನಲ್ಲಿ ನನ್ನ ತಲೆ ತೊಳೆದಳು. ಇಷ್ಟು ದಿನ ಹೊಟ್ಟೆ ಉರಿದುಕೊಂಡ ಆ ಸುಖ ಹೇಗಿತ್ತು ಎಂದು ನೀವು ಕೇಳಿದರೆ ನನಗೆ ನೆನಪಿಲ್ಲ. ಕಣ್ಣು ಮುಚ್ಚಿದರೆ ಬೋರ್ಡಿನ ಮೇಲಿನ ಚಂದ್ರ ಕಾಣುತ್ತಿತ್ತು. ಹನ್ನೆರಡು ತಿಂಗಳು, ಹರಟೆ ಹೊಡೆಯುತ್ತಾ, ಮಂಜುಗಣ್ಣಿನಲ್ಲಿ ನಾನು ಆ ತಲೆಗೆ ಬ್ರಷ್ಷು ಆಡಿಸಿದ್ದೆ. ಶಾಲೆಯಿಂದ ಬಂದೊಡನೆ ಅವರು ಜಡೆ ಸುತ್ತಿ ತುರುಬು ಹಾಕುತ್ತಿದ್ದರು, ಹಾಗಾಗಿ ದೂರದಿಂದಲೂ ನನಗೆ ಕಂಡಿರಲಿಲ್ಲ. ಆಯಿತು ಅಕ್ಕ, ಕಾಗೆ ನಾಚಿಕೊಳ್ಳಬೇಕು ಎಂದು ಪ್ರತಿ ಸಲ ಸರ್ಟಿಫಿಕೇಟು ಬೇರೆ ಕೊಟ್ಟಿದ್ದೆ. ಅವರು ಅದನ್ನು ಕೇಳಿಸಿಕೊಂಡು ಥ್ಯಾಂಕ್ಸ್ ಕಣೆ ಎನ್ನುತ್ತಿದ್ದರು.

ಕೆಳಗಿಳಿದು ಸೀದಾ ಕನ್ನಡಕದ ಅಂಗಡಿಗೆ ಹೋದೆ. ಜೇನುಬಣ್ಣದ ಫ್ರೇಮು ಆರಿಸಿದ್ದು ಚೆಂದಕ್ಕಲ್ಲ, ಕೈಗೆ ಮೊದಲು ಸಿಕ್ಕಿದ್ದು ಅದು.

ಆ ಭಾನುವಾರ ಊಟವಾದ ಮೇಲೆ ಚಿಪ್ಪಿನಲ್ಲಿ ಪುಡಿ ಕಲಸಿ, ಚಾಳೀಸು ಹಾಕಿಕೊಂಡು, ಮುಂದಿನ ಮನೆಯ ಹಿತ್ತಿಲ ಬಾಗಿಲಿಗೆ ಹೋದೆ. ಗಿರಿಜಕ್ಕ ನನ್ನ ಮೂಗಿನ ಮೇಲಿದ್ದದ್ದನ್ನು ನೋಡಿದರು. ಆಮೇಲೆ ನನ್ನ ಕಿವಿ ನೋಡಿದರು. ಅಂಚಿನಲ್ಲಿ ಚೂರೂ ಕಪ್ಪಿರಲಿಲ್ಲ. ಅವರಿಗೂ ಆ ವಿದ್ಯೆ ಗೊತ್ತಿತ್ತಲ್ಲ. ಯಾವತ್ತು ಹೋಗಿದ್ದೆ ಎಂದು ಕೇಳಿದರು. ಬುಧವಾರ ಎಂದೆ. ಆಕೆ ಹೇಳಿಬಿಟ್ಟಳಾ ಎಂದರು. ಹೇಳಿಬಿಟ್ಟಳು ಎಂದೆ. ಹೊರಗೆ ಬಂದು ಒಗೆಯುವ ಕಲ್ಲಿನ ಮೇಲೆ ನನಗೆ ಬೆನ್ನು ಹಾಕಿ ಕೂತರು. ನಾನು ಜಡೆ ಬಿಚ್ಚಿ, ಬೈತಲೆ ತೆಗೆದು ಹಚ್ಚತೊಡಗಿದೆ. ಚಾಳೀಸಿನಲ್ಲಿ ಒಂದೊಂದು ಎಳೆಯೂ ಕಾಣುತ್ತಿತ್ತು. ಇಷ್ಟೊಂದು ಬೆಳ್ಳಗಾಗಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ.

"ಒಂದು ವರ್ಷ ಅಕ್ಕ," ಎಂದೆ. "ಒಂದು ಮಾತು ಹೇಳಬಾರದಿತ್ತಾ ನನಗೆ?"

ಅವರು ತಿರುಗಲಿಲ್ಲ. "ಹೇಳಿದ್ರೆ ನೀನು ಬರೋದ್ನೇ ಬಿಟ್‌ಬುಡ್ತಿದ್ದೆ ಕಣೆ. ನಿನ್ ರೋಷ ನನಗ್ಗೊತ್ತಿಲ್ವಾ? ಈ ಮನೆಗೆ ಕಾಲಿಟ್ಟ ದಿನದಿಂದ ನನ್ ಕಂಡ್ರೆ ನಿಂಗಾಗಲ್ಲ. ತಿಂಗಳಿಗೆ ಈ ಒಂದರ್ಧ ಗಂಟೆ ತಾನೆ ನೀನು ನನ್ ಜೊತೆ ನೆಟ್ಟಗೆ ಮಾತಾಡ್ತಿದ್ದಿದ್ದು. ಕೂದ್ಲು ಹೋಗ್ಲಿ ಬುಡು ಅಂತ ಸುಮ್ಕಿದ್ದೆ."

ಅವರಿಗೆ ಗೊತ್ತಿತ್ತು. ಪಾಯಸ ಮಾಡಿದ ದಿನವೂ ಗೊತ್ತಿತ್ತೋ ಏನೋ. ಇಪ್ಪತ್ತು ವರ್ಷ ಬಹುವಚನದಲ್ಲಿ ಮುಚ್ಚಿಟ್ಟುಕೊಂಡೆ ಎಂದುಕೊಂಡದ್ದು, ಅವರ ನೆತ್ತಿಯ ಹುಣ್ಣಿಮೆಯ ಹಾಗೆ, ನನ್ನೊಬ್ಬಳಿಗೇ ಕಾಣದೆ ಇದ್ದದ್ದು. ನನ್ನ ಎರಡೂ ಕೈಯಲ್ಲಿ ಬಣ್ಣ, ಕಣ್ಣಲ್ಲಿ ನೀರು, ಹೊಸ ಚಾಳೀಸು ಮೂಗಿನ ತುದಿಗೆ ಜಾರಿತ್ತು. ಬ್ರಷ್ಷು ನಿಂತದ್ದನ್ನು ಕಂಡು ಅವರು ತಿರುಗಿದರು. ಕಿವಿಯ ಹಿಂದೆ ಇಳಿದ ಬಣ್ಣವನ್ನು ಒರೆಸಿಕೊಂಡಿದ್ದ ಬೆರಳಿನಲ್ಲೇ ನನ್ನ ಚಾಳೀಸಿನ ಕಡ್ಡಿ ಹಿಡಿದು ಮೇಲಕ್ಕೆ ತಳ್ಳಿ ಸರಿಯಾಗಿ ಕೂರಿಸಿದರು. ನೋಡ್ಕೊಂಡು ಹಚ್ಚು ಎಂದು ಮತ್ತೆ ಆ ಕಡೆ ತಿರುಗಿದರು.

ಪಾರ್ಲರಿನಾಕೆ ಇಬ್ಬರು ಗಿರಾಕಿಗಳನ್ನು ಕಳೆದುಕೊಂಡಳು. ನಮ್ಮ ಕಿವಿ ಮತ್ತೆ ಕಪ್ಪಾದವು. ಹಾಗೆಂದು ನಾನು ಗುಣವಾದೆ ಎಂದುಕೊಳ್ಳಬೇಡಿ. ಗೋಡೆಯ ಮೇಲಿನ ಫೋಟೋ ನೋಡಿದರೆ ಈಗಲೂ ಉರಿಯುತ್ತದೆ, ಬೆಟ್ಟ ಕಾಣುವ ಬಾಗಿಲು ನೋಡಿದರೂ ಉರಿಯುತ್ತದೆ. ಅವಕ್ಕೆಲ್ಲ ಹೇಗೋ ಒಗ್ಗಿಕೊಂಡಿದ್ದೇನೆ. ತಡೆಯಲಾಗದ್ದು "ನಾನೇ ಹಚ್ಕೊಂಡೆ" ಎಂದ ಆ ಒಂದು ಸುಳ್ಳಿನ ಮೇಲಿನ ಹೊಟ್ಟೆಕಿಚ್ಚು. ಅವರ ಜಾಗದಲ್ಲಿ ನಾನಿದ್ದಿದ್ದರೆ ಓರಗಿತ್ತಿಯ ಹೆಸರು ಹೇಳುತ್ತಿದ್ದೆ, ಮನೆ ನಂಬರಿನ ಸಮೇತ.

ಗಾಜು ಮಾತ್ರ ಬದಲಾಯಿಸಿ, ಕಡ್ಡಿ ಮುಟ್ಟಬೇಡಿ ಎಂದು ಅಂಗಡಿಯವರಿಗೆ ಹೇಳಿ ಬಂದಿದ್ದೇನೆ. ಸೋಮವಾರ ಕೊಡುತ್ತೇನೆ ಎಂದರು. ಆಗುವುದಿಲ್ಲ, ಇವತ್ತು ಸಂಜೆಗೇ ಬೇಕು, ನಾಳೆ ಭಾನುವಾರ ಎಂದೆ.